ಹಳೆಯ ಡಾಟ್ ಮ್ಯಾಟ್ರಿಕ್ಸ್, ಹೊಸ ವಿಂಡೋಸ್ 11: ಜೋಡಿಸುವುದು ಹೇಗೆ?

ಕಾರ್ಬನ್ ಪ್ರತಿ ಬೇಕಾದ ಕಡೆ, ಪಿನ್ನುಗಳಿಂದ ಬಡಿದು ಅಚ್ಚೊತ್ತುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬದಲಿ ಇಲ್ಲ. ಲೇಸರ್, ಇಂಕ್‌ಜೆಟ್‌ಗಳ ಅಚ್ಚು ಮೇಲಿನ ಹಾಳೆಯಲ್ಲೇ ನಿಲ್ಲುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಅಂಗಡಿ, ಸೊಸೈಟಿಗಳಲ್ಲಿ ಕಂಪ್ಯೂಟರ್ ಬದಲಾಗುತ್ತಿವೆ. ಅದರ ಜೊತೆಗೆ ಎಪ್ಸನ್ ಎಲ್‌ಎಕ್ಸ್-300+ನಂಥ ಗಟ್ಟಿಮುಟ್ಟಾದ ಡಾಟ್ ಮ್ಯಾಟ್ರಿಕ್ಸ್ ಕೂಡ ಗುಜರಿ ಸೇರಬೇಕಿಲ್ಲ.

ಕೇಬಲ್ ಕೊಳ್ಳುವ ಮೊದಲು ಪ್ರಿಂಟರನ್ನು ಒಂಟಿಯಾಗಿ ಪರೀಕ್ಷಿಸಿ. ಕಾಗದ ಹಾಕಿ, ಎಲ್‌ಎಫ್/ಎಫ್‌ಎಫ್ ಗುಂಡಿ ಒತ್ತಿಹಿಡಿದು ಸ್ವಿಚ್ ಆನ್ ಮಾಡಿದರೆ ಸೆಲ್ಫ್ ಟೆಸ್ಟ್ ಬರುತ್ತದೆ. ಅಕ್ಷರಗಳ ನಡುವೆ ಅಡ್ಡಲಾಗಿ ಬಿಳಿ ಗೆರೆ ಕಂಡರೆ ಹೆಡ್ಡಿನ ಪಿನ್ ಹೋಗಿದೆ ಎಂದರ್ಥ. ಅದಕ್ಕೆ ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶ) ಮದ್ದಲ್ಲ.

ಬೇಕಾದ ಕೇಬಲ್ ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ 36 ಪಿನ್ನಿನ ಸೆಂಟ್ರಾನಿಕ್ಸ್ ಇರುವಂಥದ್ದು. ಎಲ್ಲರೂ ಎಡವುವುದು ಇಲ್ಲೇ. ಈ ಕೇಬಲ್ ಎಲ್‌ಪಿಟಿ1 ಪೋರ್ಟನ್ನು (ಹಳೆಯ ಕಂಪ್ಯೂಟರುಗಳಲ್ಲಿ ಪ್ರಿಂಟರಿಗಿದ್ದ ಪ್ಯಾರಲಲ್ ಪೋರ್ಟ್) ಕೊಡುವುದಿಲ್ಲ, ಯುಎಸ್‌ಬಿ001 ಎಂಬ ವರ್ಚುವಲ್ ಪೋರ್ಟನ್ನು ಸೃಷ್ಟಿಸುತ್ತದೆ. ಪ್ರಿಂಟರ್ ಸೇರಿಸುವಾಗ 'ಮ್ಯಾನ್ಯುಯಲ್ ಸೆಟ್ಟಿಂಗ್ಸ್' ಆರಿಸಿ, ಇರುವ ಪೋರ್ಟ್‌ಗಳಲ್ಲಿ ಅದನ್ನೇ ಹಿಡಿಯಿರಿ. ಮುಂದೆ ಕೇಬಲ್ಲನ್ನು ಬೇರೆ ಸಾಕೆಟ್ಟಿಗೆ ಚುಚ್ಚಿದರೆ ವಿಂಡೋಸ್ ಯುಎಸ್‌ಬಿ002 ಎಂದು ಹೊಸದನ್ನು ತೆರೆಯಬಹುದು. ಆಗ ಬಿಲ್ಲುಗಳು ಹಳೆಯ ಪೋರ್ಟಿನ ಸಾಲಿನಲ್ಲೇ ಕೂತಿರುತ್ತವೆ. 'ನಿನ್ನೆ ಬರುತ್ತಿತ್ತು, ಇವತ್ತು ಬರುತ್ತಿಲ್ಲ' ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಟ್ಯಾಬ್. ಪ್ರಿಂಟರ್ ಸುಮ್ಮನೆ ಆಫ್‌ಲೈನ್ ತೋರಿಸುತ್ತಿದ್ದರೆ ಅಲ್ಲೇ 'ಬೈಡೈರೆಕ್ಷನಲ್ ಸಪೋರ್ಟ್' ಟಿಕ್ ತೆಗೆದು ನೋಡಿ.

ಡ್ರೈವರ್ 64 ಬಿಟ್‌ನದ್ದೇ ಆಗಬೇಕು; ಹಳೆಯ ಸಿಡಿಯಲ್ಲಿರುವ 32 ಬಿಟ್ ಡ್ರೈವರ್ ವಿಂಡೋಸ್ 11ಕ್ಕೆ ಆಗದು. ಪಟ್ಟಿಯಲ್ಲಿ ನಿಮ್ಮ ಮಾದರಿ ಕಾಣದಿದ್ದರೆ 'ವಿಂಡೋಸ್ ಅಪ್‌ಡೇಟ್' ಗುಂಡಿ ಒತ್ತಿ ತಾಳ್ಮೆಯಿಂದ ಕಾಯಿರಿ. ಹೆಡ್ಡಿನಲ್ಲಿ 9 ಪಿನ್ನಿರುವ ಯಂತ್ರಕ್ಕೆ ಎಲ್‌ಎಕ್ಸ್ ಅಥವಾ ಎಫ್‌ಎಕ್ಸ್ ಸರಣಿಯ ಡ್ರೈವರ್, 24 ಪಿನ್ನಿನದಕ್ಕೆ ಎಲ್‌ಕ್ಯೂ. ಅದಲುಬದಲಾದರೆ ಚಿತ್ರವಿಚಿತ್ರ ಅಕ್ಷರಗಳು ಬೀಳುತ್ತವೆ, ಏಕೆಂದರೆ ಎರಡರ ಗ್ರಾಫಿಕ್ಸ್ ಆದೇಶಗಳು ಬೇರೆ.

ವೇಗಕ್ಕಾಗಿ 'ಜೆನೆರಿಕ್ ಟೆಕ್ಸ್ಟ್ ಓನ್ಲಿ' ಡ್ರೈವರ್ ಹಾಕುವುದುಂಟು. ಇಂಗ್ಲಿಷ್ ಬಿಲ್ಲಿಗೆ ಅದು ಒಳ್ಳೆಯದೇ. ಕನ್ನಡಕ್ಕೆ ಮಾತ್ರ ಬೇಡ. ಇಂಥ ಪ್ರಿಂಟರಿನ ಒಳಗಿನ ಫಾಂಟುಗಳಲ್ಲಿ ಕನ್ನಡ ಲಿಪಿ ಇಲ್ಲದ ಕಾರಣ ಗ್ರಾಹಕರ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಎಪ್ಸನ್ ಡ್ರೈವರ್ ಕನ್ನಡವನ್ನು ಚಿತ್ರವಾಗಿ ಕಳಿಸುತ್ತದೆ. ನಿಧಾನ ನಿಜ, ಆದರೆ ಹೆಸರು ಹೆಸರಾಗಿಯೇ ಬರುತ್ತದೆ. 9 ಪಿನ್ನಿನಲ್ಲಿ ಒತ್ತಕ್ಷರ ಕಲಸಿಹೋಗದಂತೆ ಫಾಂಟ್ ಗಾತ್ರವನ್ನು 14ರ ಆಸುಪಾಸಿಗೆ ಏರಿಸಿ.

ವಿಂಡೋಸ್‌ಗಿಂತ ಹಿಂದಿನ ಡಾಸ್ ವ್ಯವಸ್ಥೆಯ ಲೆಕ್ಕದ ತಂತ್ರಾಂಶವಿದ್ದರೆ ಇನ್ನೊಂದು ತೊಡಕು. ಅಂಥ 16 ಬಿಟ್ ತಂತ್ರಾಂಶವನ್ನು ವಿಂಡೋಸ್ 11 ನೇರವಾಗಿ ಓಡಿಸದು. ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್-ಎಕ್ಸ್ ಅಥವಾ ವಿಡಾಸ್ ಬೇಕು. ತಂತ್ರಾಂಶ 32 ಬಿಟ್ಟಿನದಾಗಿದ್ದು ಎಲ್‌ಪಿಟಿ1ನ್ನೇ ಕೇಳುತ್ತಿದ್ದರೆ, ಪ್ರಿಂಟರನ್ನು ಶೇರ್ ಮಾಡಿ 'ನೆಟ್ ಯೂಸ್' ಆದೇಶದಿಂದ ಎಲ್‌ಪಿಟಿ1ನ್ನು ಆ ಶೇರ್ ಹೆಸರಿಗೆ ತಿರುಗಿಸಬಹುದು. ಆದೇಶವನ್ನು ಸಾಮಾನ್ಯ ಕಮಾಂಡ್ ಪ್ರಾಂಪ್ಟ್‌ನಲ್ಲೇ ಕೊಡಿ. ಅಡ್ಮಿನಿಸ್ಟ್ರೇಟರ್ ಆಗಿ ಕೊಟ್ಟರೆ ಸಾಮಾನ್ಯವಾಗಿ ತೆರೆದ ತಂತ್ರಾಂಶಕ್ಕೆ ಅದು ಕಾಣುವುದಿಲ್ಲ.

ಕೊನೆಗೆ ಕಾಗದ. ರಂಧ್ರಪಟ್ಟಿಯ ಹಾಳೆ 12 ಇಂಚು ಉದ್ದವಿದ್ದು ಡ್ರೈವರಿನಲ್ಲಿ ಎ4 ಉಳಿದಿದ್ದರೆ, ಎ4 ಉದ್ದ 11.69 ಇಂಚಾದ್ದರಿಂದ ಪ್ರತಿ ಪುಟಕ್ಕೂ ಅಚ್ಚು ಸುಮಾರು 0.3 ಇಂಚು ಮೇಲೇರುತ್ತದೆ. ಹತ್ತು ಪುಟ ದಾಟುವಷ್ಟರಲ್ಲಿ ಮೂರು ಇಂಚು. 'ಪ್ರಿಂಟ್ ಸರ್ವರ್ ಪ್ರಾಪರ್ಟೀಸ್'ನಲ್ಲಿ 10×12 ಇಂಚು ಅಳತೆಯ ಹೊಸ ಫಾರ್ಮ್ ಮಾಡಿ, ಡ್ರೈವರಿನಲ್ಲೂ ಬಿಲ್ಲಿಂಗ್ ತಂತ್ರಾಂಶದಲ್ಲೂ ಅದನ್ನೇ ಆರಿಸಿ. ಅರ್ಧ ಹಾಳೆಯ ಬಿಲ್ಲಾದರೆ 10×6.