24 ಸಾವಿರ ಕಣ್ಣಿಗೆ ಕಾಣುತ್ತದೆ, 62 ಸಾವಿರ ಕಾಣಲ್ಲ

ಗೃಹಲಕ್ಷ್ಮಿ ದುಡ್ಡು ವರ್ಷಕ್ಕೆ ಎಷ್ಟಾಗುತ್ತದೆ? ತಿಂಗಳಿಗೆ 2,000 ಅಂದರೆ 24,000 ರೂಪಾಯಿ. ಈಗ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡು ಕಂತು ಕಟ್ಟುತ್ತಿರುವ ಒಬ್ಬ ಉದ್ಯೋಗಿಯನ್ನು ತಗೊಳ್ಳಿ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ, ತಾವೇ ವಾಸವಿರುವ ಮನೆಯ ಸಾಲದ ಬಡ್ಡಿಯಲ್ಲಿ 2 ಲಕ್ಷದವರೆಗೆ ಆದಾಯದಿಂದ ಕಳೆದು ತೋರಿಸಬಹುದು. 30% ಸ್ಲ್ಯಾಬಿನವರಿಗೆ ಇದರಿಂದ ಸೆಸ್ ಸೇರಿ ಉಳಿಯುವುದು 62,400 ರೂಪಾಯಿ. ಮೊದಲನೆಯದು ರಾಜ್ಯದ ಬೊಕ್ಕಸದಿಂದ ಹೋಗುವ ದುಡ್ಡು, ಎರಡನೆಯದು ಕೇಂದ್ರದ ಬೊಕ್ಕಸಕ್ಕೆ ಬಾರದೇ ಉಳಿಯುವ ದುಡ್ಡು. ಲೆಕ್ಕದಲ್ಲಿ ಎರಡೂ ಒಂದೇ. ಆದರೆ 24 ಸಾವಿರ ಪಡೆದಾಕೆಗೆ "ಬಿಟ್ಟಿ ಭಾಗ್ಯ" ಅಂತ ಹಂಗಿಸುತ್ತೇವೆ. 62 ಸಾವಿರ ಉಳಿಸಿದವನನ್ನು ಜಾಣ ಅನ್ನುತ್ತೇವೆ.

ಇದು ಬರೀ ನಮ್ಮೂರಿನ ಕಥೆಯಲ್ಲ. ಅಮೆರಿಕದ ರಾಜಕೀಯ ವಿಜ್ಞಾನಿ ಸುಝನ್ ಮೆಟ್ಲರ್ 2008ರ ಒಂದು ಸಮೀಕ್ಷೆಯಲ್ಲಿ ಅಲ್ಲಿನ ಜನರನ್ನು ನೇರವಾಗಿ ಕೇಳಿದರು: ಸರ್ಕಾರದ ಯಾವುದಾದರೂ ಸಾಮಾಜಿಕ ಯೋಜನೆಯ ಲಾಭ ಪಡೆದಿದ್ದೀರಾ? 57% ಜನ ಇಲ್ಲವೇ ಇಲ್ಲ ಅಂದರು. ಆಮೇಲೆ 21 ಯೋಜನೆಗಳ ಪಟ್ಟಿ ಮುಂದಿಟ್ಟು ಒಂದೊಂದಾಗಿ ಕೇಳಿದರೆ, ಇಲ್ಲ ಅಂದವರಲ್ಲೇ 94% ಜನ ಕನಿಷ್ಠ ಒಂದನ್ನಾದರೂ ಪಡೆದಿದ್ದರು. ಮನೆಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆದವರಲ್ಲಿ 60% ಮಂದಿಗೆ ತಾವು ಸರ್ಕಾರದಿಂದ ಏನೋ ಪಡೆದಿದ್ದೇವೆ ಅಂತ ಅನ್ನಿಸಿಯೇ ಇರಲಿಲ್ಲ. ಅವರೇನೂ ಸುಳ್ಳು ಹೇಳುತ್ತಿರಲಿಲ್ಲ. ತೆರಿಗೆ ಫಾರ್ಮಿನ ಒಂದು ಕಾಲಂ ತುಂಬುವುದಕ್ಕೆ ಯಾರೂ ಸರದಿಯಲ್ಲಿ ನಿಲ್ಲಬೇಕಿಲ್ಲ, ಯಾರ ಮುಂದೆಯೂ ಕಾರ್ಡ್ ಹಿಡಿಯಬೇಕಿಲ್ಲ. ಹಾಗಾಗಿ ಅದು ಸಹಾಯ ಅಂತ ಅನ್ನಿಸುವುದೇ ಇಲ್ಲ. ನ್ಯಾಯಬೆಲೆ ಅಂಗಡಿಯ ಅಕ್ಕಿ ಹಾಗಲ್ಲ. ಚೀಲ ಹಿಡಿದು ನಿಂತವರನ್ನು ಇಡೀ ಬೀದಿ ನೋಡುತ್ತದೆ.

ಸರಿ, ಕಂಡ ಮಾತ್ರಕ್ಕೆ ಸಿಟ್ಟು ಯಾಕೆ ಬರಬೇಕು? ವೃದ್ಧಾಪ್ಯ ವೇತನ ಪಡೆಯುವ ಅಜ್ಜಿಯೂ ಕಾಣುತ್ತಾರೆ. ಅವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ ಅಲ್ವಾ? ಯುರೋಪಿನ ದೇಶಗಳಲ್ಲಿ ಸಮಾಜಶಾಸ್ತ್ರಜ್ಞ ವಿಮ್ ವಾನ್ ಊರ್‌ಸ್ಖಾಟ್ ಕಂಡದ್ದೂ ಇದನ್ನೇ. ಯಾರಿಗೆ ಸಹಾಯ ಸಿಗಬೇಕು ಅಂತ ಕೇಳಿದರೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಉತ್ತರ: ಮೊದಲು ವಯಸ್ಸಾದವರು, ಆಮೇಲೆ ಕಾಯಿಲೆಯವರು ಮತ್ತು ಅಂಗವಿಕಲರು, ಆಮೇಲೆ ಕೆಲಸವಿಲ್ಲದವರು, ಕಡೆಗೆ ಹೊರಗಿನಿಂದ ಬಂದವರು. ದೇಶ ಬಡವೋ ಶ್ರೀಮಂತವೋ, ಸಾಲು ಅಷ್ಟಾಗಿ ಬದಲಾಗುವುದಿಲ್ಲ. ಜನ ಬಡತನ ಎಷ್ಟಿದೆ ಅಂತಷ್ಟೇ ನೋಡುವುದಿಲ್ಲ. ಈ ಸ್ಥಿತಿಗೆ ಇವರೇ ಕಾರಣವಾ, ಇವರು ನಮ್ಮವರಾ ಅಂತಲೂ ನೋಡುತ್ತಾರೆ.

ಇದನ್ನು ಪರೀಕ್ಷೆಗೆ ಹಚ್ಚಿದವರು ಡೆನ್ಮಾರ್ಕಿನ ಲೆನೆ ಓರೊ ಮತ್ತು ಮೈಕಲ್ ಬ್ಯಾಂಗ್ ಪೀಟರ್ಸನ್. 2014ರಲ್ಲಿ ಪ್ರಕಟವಾದ ಅವರ ಪ್ರಯೋಗ ತುಂಬಾ ಸರಳ. ಡೆನ್ಮಾರ್ಕ್ ಅಂದರೆ ಸರ್ಕಾರ ಜಾಸ್ತಿ ಕೊಡುವ ದೇಶ, ಅಮೆರಿಕ ಕೈ ಬಿಗಿಹಿಡಿಯುವ ದೇಶ. ಎರಡೂ ಕಡೆಯ ಜನರಿಗೆ ಸರ್ಕಾರದ ಸಹಾಯಧನ ಪಡೆಯುವ ಒಬ್ಬ ಮನುಷ್ಯನ ಬಗ್ಗೆ ಹೇಳಿದರು. ಕೆಲವರಿಗೆ ಅಷ್ಟೇ ಹೇಳಿ ಸುಮ್ಮನಾದರು. ಇನ್ನು ಕೆಲವರಿಗೆ, ಆತ ಗಟ್ಟಿಮುಟ್ಟಾಗಿದ್ದಾನೆ, ಯಾವತ್ತೂ ನೆಟ್ಟಗೆ ಕೆಲಸ ಮಾಡಿಲ್ಲ, ಮಾಡುವ ಮನಸ್ಸೂ ಇಲ್ಲ ಅಂದರು. ಮತ್ತೆ ಕೆಲವರಿಗೆ, ಆತ ಯಾವಾಗಲೂ ದುಡಿದವನು, ಕೆಲಸದಲ್ಲಿ ಪೆಟ್ಟಾಗಿದೆ, ಬೇಗ ಮತ್ತೆ ಕೆಲಸಕ್ಕೆ ಹೋಗಬೇಕು ಅಂತಿದ್ದಾನೆ ಅಂದರು. ಏನೂ ಹೇಳದೇ ಬಿಟ್ಟಾಗ ಎರಡು ದೇಶದವರು ಬೇರೆ ಬೇರೆ ತೀರ್ಪು ಕೊಟ್ಟರು. ಆ ಒಂದೆರಡು ವಾಕ್ಯ ಸೇರಿಸಿದ ಕೂಡಲೇ ವ್ಯತ್ಯಾಸ ಮಾಯ! ಸೋಮಾರಿಗೆ ಕೊಡಬೇಡಿ ಅಂತ ಡೆನ್ಮಾರ್ಕಿನವರೂ ಅಂದರು, ಪಾಪದವನಿಗೆ ಕೊಡಿ ಅಂತ ಅಮೆರಿಕನ್ನರೂ ಅಂದರು.

ಅಂದರೆ ಎರಡೂ ಕಡೆಯ ಜನರ ಮನಸ್ಸು ಒಂದೇ ತರಹದ್ದು. ಬೇರೆಯಾಗಿರುವುದು ಮನಸ್ಸಿನಲ್ಲಿ ಮೊದಲೇ ಕೂತಿರುವ ಚಿತ್ರ. ಆ ಚಿತ್ರ ಹಾಕಿಕೊಡುವುದರಲ್ಲಿ ರಾಜಕಾರಣಿಗಳದ್ದು ಎತ್ತಿದ ಕೈ.

1976ರ ಚುನಾವಣಾ ಪ್ರಚಾರದಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಶಿಕಾಗೋದ ಒಬ್ಬ ಹೆಂಗಸಿನ ಕಥೆಯನ್ನು ಮತ್ತೆ ಮತ್ತೆ ಹೇಳಿದರು. ಆಕೆಗೆ 80 ಹೆಸರು, 30 ವಿಳಾಸ, ಸರ್ಕಾರದಿಂದ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್! ಆ ಹೆಂಗಸು ಕಟ್ಟುಕಥೆಯಲ್ಲ, ನಿಜವಾಗಿ ಇದ್ದವಳು, ವಂಚಕಿಯೂ ಹೌದು. ಆದರೆ 1977ರಲ್ಲಿ ಕೋರ್ಟಿನಲ್ಲಿ ಸಾಬೀತಾದ ಮೋಸದ ಮೊತ್ತ ಸುಮಾರು 8 ಸಾವಿರ ಡಾಲರ್. ಲಕ್ಷಕ್ಕೊಬ್ಬಳು ಸಿಗದ ಕಿಲಾಡಿಯ ಮುಖ ಸಹಾಯಧನ ಪಡೆಯುವ ಎಲ್ಲ ತಾಯಂದಿರ ಮುಖವಾಯಿತು. ಪತ್ರಿಕೆಗಳೂ ಸುಮ್ನೆ ಕೂರಲಿಲ್ಲ. ರಾಜಕೀಯ ವಿಜ್ಞಾನಿ ಮಾರ್ಟಿನ್ ಗಿಲೆನ್ಸ್ ಅಲ್ಲಿನ ಮೂರು ದೊಡ್ಡ ವಾರಪತ್ರಿಕೆಗಳ ಫೋಟೋ ಎಣಿಸಿದರು. 1988ರಿಂದ 1992ರವರೆಗೆ ಅವು ತೋರಿಸಿದ ಬಡವರಲ್ಲಿ 62% ಜನ ಕಪ್ಪುವರ್ಣೀಯರು. ನಿಜದಲ್ಲಿ ಆ ಪಾಲು 29% ಮಾತ್ರ.

ನಮ್ಮಲ್ಲಿ ಆ ಚಿತ್ರದ ಜಾಗದಲ್ಲಿ ಇರುವುದು ಅಕ್ಕಿ ಮಾರಿಕೊಂಡು ಕುಡಿಯುವ ಗಂಡಸು. 2013ರಲ್ಲಿ ಅನ್ನಭಾಗ್ಯ ಶುರುವಾದಾಗಿನಿಂದ "ಕೂಲಿಗೆ ಆಳೇ ಸಿಗ್ತಿಲ್ಲ, ಎಲ್ಲಾ ಸೋಮಾರಿಗಳಾಗಿಬಿಟ್ರು" ಅನ್ನುವ ಮಾತು ನಿಂತಿಲ್ಲ. ಅಂಥವನು ಒಬ್ಬನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಲೆಕ್ಕ ಏನು ಹೇಳುತ್ತದೆ ಅನ್ನುವುದು ಬೇರೆ ಮಾತು. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಇಂಡೋನೇಷ್ಯಾ, ಮೆಕ್ಸಿಕೋ, ಮೊರಾಕೊ ಮುಂತಾದ ಆರು ದೇಶಗಳ ಏಳು ನಗದು ಸಹಾಯ ಯೋಜನೆಗಳ ಅಂಕಿಅಂಶ ಕೂಡಿಸಿ ನೋಡಿದರು. ದುಡ್ಡು ಸಿಕ್ಕಿದ್ದರಿಂದ ಜನ ಕೆಲಸ ಬಿಟ್ಟರು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಹೆಂಡ, ಬೀಡಿ ಸಿಗರೇಟಿನ ಖರ್ಚು ಏರುತ್ತದಾ ಅಂತ ನೋಡಿದ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಅದೇ ಕಥೆ: ಏರಿಲ್ಲ. ಕೂಲಿಯಾಳು ಕಡಿಮೆ ದುಡ್ಡಿಗೆ ಬರಲು ಒಪ್ಪುತ್ತಿಲ್ಲ ಅನ್ನುವುದು ಬೇರೆ, ಸೋಮಾರಿಯಾದ ಅನ್ನುವುದು ಬೇರೆ. ಮನೆಯಲ್ಲಿ ಅಕ್ಕಿ ಇದ್ದವನಿಗೆ "ಇಷ್ಟಕ್ಕೆ ಆಗಲ್ಲ ಧಣಿ" ಅನ್ನುವ ಧೈರ್ಯ ಬರುತ್ತದೆ. ಧಣಿಗೆ ಅದು ಸೋಮಾರಿತನವಾಗಿ ಕಾಣುತ್ತದೆ.

ಹಾಗಂತ ಈ ಸಿಟ್ಟು ಉಳ್ಳವರದ್ದು ಮಾತ್ರ ಅಂದುಕೊಂಡರೆ ತಪ್ಪು. ಅಮೆರಿಕದಲ್ಲಿ ಇಲಿಯಾನಾ ಕುಝಿಯೆಂಕೊ ಮತ್ತು ಜೊತೆಗಾರರು ಕನಿಷ್ಠ ವೇತನ ಏರಿಸಬೇಕಾ ಅಂತ ಕೇಳಿದಾಗ, ಹೆಚ್ಚು ವಿರೋಧ ಬಂದದ್ದು ಕನಿಷ್ಠ ವೇತನಕ್ಕಿಂತ ಚೂರೇ ಚೂರು ಜಾಸ್ತಿ ದುಡಿಯುವವರಿಂದ. ಕೆಳಗಿನವನು ಒಂದು ಮೆಟ್ಟಿಲು ಹತ್ತಿದರೆ ತಾನೇ ಕಟ್ಟಕಡೆಯವನಾಗುತ್ತೇನೆ ಅನ್ನುವ ಭಯ. ಬಿಪಿಎಲ್ ಗೆರೆಯಿಂದ ಕೂದಲೆಳೆಯಷ್ಟು ಮೇಲಿದ್ದು ಕಾರ್ಡ್ ಸಿಗದೇ ಹೋದವರ ಹೊಟ್ಟೆಯುರಿ ಇಲ್ಲಿ ನೆನಪಾಗುತ್ತದೆ. ಅವರ ಕಷ್ಟವೂ ಸಣ್ಣದಲ್ಲ. "ನಮ್ಮ ಟ್ಯಾಕ್ಸ್ ದುಡ್ಡು" ಅನ್ನುವ ಮಾತು ಅವರಿಂದಲೂ ಬರುತ್ತದೆ. ಮೊಬೈಲ್ ರೀಚಾರ್ಜಿನ ಮೇಲಿನ 18% ಜಿಎಸ್‌ಟಿ ಕಾರ್ಡ್ ಇದ್ದವರೂ ಕಟ್ಟುತ್ತಾರೆ ಅನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಸ್ವೀಡನ್ನಿನ ವಾಲ್ಟರ್ ಕೊರ್ಪಿ ಮತ್ತು ಯೋಕಿಮ್ ಪಾಲ್ಮೆ 1998ರಲ್ಲಿ ಒಂದು ವಿಚಿತ್ರ ಗಮನಿಸಿದರು. ಬಡವರಿಗೆ ಮಾತ್ರ ಅಂತ ಗೆರೆ ಎಳೆದು ಕೊಡುವ ದೇಶಗಳಿಗಿಂತ, ಎಲ್ಲರನ್ನೂ ಒಳಗೊಂಡ ದೇಶಗಳಲ್ಲೇ ಅಸಮಾನತೆ ಹೆಚ್ಚು ಇಳಿದಿತ್ತು. ಮಧ್ಯಮ ವರ್ಗಕ್ಕೂ ಪಾಲಿದ್ದರೆ ಅವರೂ ಯೋಜನೆಯ ಬೆನ್ನಿಗೆ ನಿಲ್ಲುತ್ತಾರೆ ಅನ್ನುವುದು ಅವರ ವಿವರಣೆ. ಈ ಲೆಕ್ಕ ಎಲ್ಲ ಕಡೆ, ಎಲ್ಲ ಕಾಲಕ್ಕೂ ಸರಿಹೊಂದುತ್ತದಾ ಅಂತ ಆಮೇಲೆ ಬಂದವರು ತಕರಾರು ಎತ್ತಿದ್ದಾರೆ. ಇರಲಿ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಲ್ಲಿ ಆದಾಯದ ಗೆರೆಯೇ ಇಲ್ಲ. ರಾಜ್ಯದ ಯಾವ ಹೆಂಗಸಾದರೂ ಗುರುತಿನ ಚೀಟಿ ತೋರಿಸಿ ಸಾಮಾನ್ಯ ಬಸ್ಸು ಹತ್ತಬಹುದು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳಿಗೂ ಕಾಲೇಜಿನ ಮೇಡಂಗೂ ಕಂಡಕ್ಟರ್ ಹರಿದು ಕೊಡುವುದು ಅದೇ ಶೂನ್ಯ ಟಿಕೆಟ್.