ತಾಕತ್ತು ಮತ್ತು ಸಲಾಯಿನ್ ಬಾಟಲಿ

ಜ್ವರದಿಂದ ಸೊರಗಿ ದವಾಖಾನೆಗೆ ಬಂದವರು ಕಲಬುರಗಿ ಸೀಮೆಯಲ್ಲಿ ವೈದ್ಯರಿಗೆ ಸಾಮಾನ್ಯವಾಗಿ ಹೇಳುವ ಮಾತು, ‘ಮೈಯಾಗ ತಾಕತ್ತಿಲ್ರಿ ಸಾಹೇಬ್ರ, ಒಂದು ಸಲಾಯಿನ್ ಹಚ್ರಿ.’ ಈ ಮಾತಿನೊಳಗಿನ ‘ತಾಕತ್ತು’ ಎಂಬ ಪದ ನನಗೆ ಬಹಳ ಪ್ರಿಯವಾದದ್ದು; ಅದರ ಹಿಂದಿನ ನಂಬಿಕೆ ಮಾತ್ರ ಕಳವಳ ಹುಟ್ಟಿಸುತ್ತದೆ.

ತಾಕತ್ತು ಅರಬ್ಬಿ ಮೂಲದ್ದು. 1347ರಲ್ಲಿ ಕಲಬುರಗಿ ಬಹಮನಿ ಅರಸರ ರಾಜಧಾನಿಯಾದಂದಿನಿಂದ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಪಾರಸಿ, ದಖನಿ, ಉರ್ದುಗಳ ಒಡನಾಟದಲ್ಲಿ ಬೆಳೆದ ಇಲ್ಲಿನ ಕನ್ನಡವು ಅದನ್ನು ಕಸುವು, ಹುರುಪುಗಳ ಪಕ್ಕದಲ್ಲೇ ಕೂರಿಸಿಕೊಂಡಿತು. ಇಂಗ್ಲಿಷಿನ ‘ಎನರ್ಜಿ’ಗೆ ಭೌತವಿಜ್ಞಾನದ ಅರ್ಥವನ್ನು ಥಾಮಸ್ ಯಂಗ್ 1807ರಲ್ಲಿ ಕೊಟ್ಟರೆ, ಇಂದಿನ ಅರಬ್ಬಿ ವಿಜ್ಞಾನ ಅದೇ ಅರ್ಥಕ್ಕೆ ಬಳಸುವ ‘ತಾಕಾ’ ನಮ್ಮ ತಾಕತ್ತಿನ ಒಡಹುಟ್ಟು.

ದೇಹದಲ್ಲಿ ಈ ತಾಕತ್ತು ಹೇಗೆ ಹುಟ್ಟುತ್ತದೆ? ಹಗೇವಿನ, ಅಂದರೆ ನೆಲದಡಿಯ ಕಣಜದ, ಜೋಳವನ್ನು ಯಾರೂ ಹಾಗೆಯೇ ಮುಕ್ಕುವುದಿಲ್ಲ. ಬೀಸಿ, ನಾದಿ, ಬಡಿದು, ಹಂಚಿನ ಮೇಲೆ ಸುಟ್ಟಾಗ ಮಾತ್ರ ಅದು ತಾಟಿಗೆ ಬರುತ್ತದೆ. ರೊಟ್ಟಿಯ ಪಿಷ್ಟವೂ ಗ್ಲೂಕೋಸಾಗಿ ಜೀವಕೋಶ ಸೇರಿದ ಮೇಲೆ, ಅದರ ಶಕ್ತಿಯನ್ನು ಮುಖ್ಯವಾಗಿ ಕೋಶದೊಳಗಿನ ಪುಟ್ಟ ಘಟಕಗಳಾದ ಮೈಟೋಕಾಂಡ್ರಿಯಾಗಳು ಎಟಿಪಿ ಎಂಬ ಸಣ್ಣ ಅಣುಗಳಿಗೆ ತುಂಬಿಕೊಡುತ್ತವೆ. ಸಂತೆಯಲ್ಲಿ ದೊಡ್ಡ ನೋಟು ನಡೆಯದಿದ್ದಾಗ ಚಿಲ್ಲರೆ ಮಾಡಿಸುವ ಹಾಗೆ ಇದು. ಸ್ನಾಯು ಕೇಳುವುದು ಆ ಚಿಲ್ಲರೆಯನ್ನೇ. ಒಂದು ಕ್ಷಣಕ್ಕೆ ದೇಹದಲ್ಲಿರುವ ಎಟಿಪಿ ಬಹಳ ಕಡಿಮೆಯಾದರೂ, ಅದೇ ಅಣುಗಳು ಮತ್ತೆ ಮತ್ತೆ ಮುರಿದು ಕೂಡುವುದರಿಂದ ದಿನವೊಂದಕ್ಕೆ ತಯಾರಾಗುವ ಎಟಿಪಿಯ ಒಟ್ಟು ತೂಕ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟಾಗುತ್ತದೆ! ಇದನ್ನು ಎಷ್ಟು ಸಲ ನೆನೆದರೂ ನನ್ನ ಬೆರಗು ಇಳಿದಿಲ್ಲ.

ಇನ್ನು ಬಾಟಲಿಯ ವಿಷಯ. ಅರ್ಧ ಲೀಟರ್ ಸಲಾಯಿನ್‌ನಲ್ಲಿರುವುದು ನೀರು ಮತ್ತು 4.5 ಗ್ರಾಂ ಉಪ್ಪು; ಕ್ಯಾಲೊರಿ ಸೊನ್ನೆ. ಶೇಕಡಾ 5ರ ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ ಸಿಗುತ್ತದೆ, ಅಂದರೆ ಸುಮಾರು 30 ಗ್ರಾಂ ಜೋಳದ ಹಿಟ್ಟಿನ ಕಸುವು, ಒಂದು ರೊಟ್ಟಿಗೂ ಸಾಲದು. ಆದರೂ ವಾಂತಿಭೇದಿಯಿಂದ ನೀರು ಕಳೆದುಕೊಂಡವರು ಸಲಾಯಿನ್ ಹಚ್ಚಿದೊಡನೆ ಎದ್ದು ಕೂರುತ್ತಾರೆ, ಏಕೆಂದರೆ ರಕ್ತದ ಪ್ರಮಾಣ ಮರಳಿ ಹೆಚ್ಚಿ, ಕುಸಿದಿದ್ದ ರಕ್ತದೊತ್ತಡ ಮೇಲೇರುತ್ತದೆ. ಅದನ್ನು ಕಂಡವರಿಗೆ ಹನಿಹನಿಯಾಗಿ ಇಳಿದದ್ದು ತಾಕತ್ತೇ ಎನಿಸುವುದು ಸಹಜ.

ಜ್ವರದ ನಿಶ್ಶಕ್ತಿಯ ಕಥೆ ಬೇರೆ. ಆಗಲೂ ಕೊಬ್ಬಿನ ರೂಪದ ಹಗೇವಿನಲ್ಲಿ ಹಲವು ದಿನಗಳ ದಾಸ್ತಾನು ಇರುತ್ತದೆ. ಆದರೆ ರೋಗನಿರೋಧಕ ಕೋಶಗಳು ಹೊರಸೂಸುವ ಸೈಟೋಕೈನುಗಳೆಂಬ ಪ್ರೋಟೀನುಗಳು ಮಿದುಳಿಗೆ ಸೂಚನೆ ಕೊಟ್ಟು ನಮ್ಮನ್ನು ಹಾಸಿಗೆ ಹಿಡಿಸುತ್ತವೆ, ಸೋಂಕು ಇಳಿಯುವವರೆಗೂ ಏಳಗೊಡುವುದಿಲ್ಲ.