ಕೋರ್‌ಗಳ ಲೆಕ್ಕ, ಲೈಸೆನ್ಸಿನ ದರ

ಬೆಳಗಾವಿ ಜಿಲ್ಲೆಯ ಒಂದು ಸಹಕಾರಿ ಬ್ಯಾಂಕೋ, ಸಕ್ಕರೆ ಕಾರ್ಖಾನೆಯೋ, ಉದ್ಯಮಬಾಗದ ಎರಕದ ಘಟಕವೋ ಹೊಸ ಸರ್ವರಿಗೆ ಟೆಂಡರ್ ಕರೆಯುವಾಗ ‘ಕನಿಷ್ಠ ಇಷ್ಟು ಕೋರ್’ ಎಂಬ ಷರತ್ತನ್ನು ಹಾಕುವುದು ರೂಢಿ. ಕೋರ್ ಎಂದರೆ ಪ್ರೊಸೆಸರ್ ಚಿಪ್ಪಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಒಂದೊಂದು ಘಟಕ. ಕೋರ್ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಖರೀದಿ ಸಮಿತಿಗಳು ನಂಬುವುದು ಸಹಜವೇ. ಆದರೆ ಆ ಸರ್ವರಿನ ಮೇಲೆ ಓಡುವ ಡೇಟಾಬೇಸಿನ (ದಾಖಲೆಗಳನ್ನು ಕಾಯ್ದಿಡುವ ತಂತ್ರಾಂಶದ) ಲೈಸೆನ್ಸು ಬೇರೊಂದು ಕಡತದಲ್ಲಿ, ಕೆಲವೊಮ್ಮೆ ಮುಂದಿನ ವರ್ಷದ ಬಜೆಟ್ಟಿನಲ್ಲಿ ಮಂಜೂರಾಗುತ್ತದೆ. ಮೊದಲ ಕಡತದಲ್ಲಿ ಬರೆದ ಕೋರ್‌ಗಳ ಸಂಖ್ಯೆಯೇ ಎರಡನೆಯ ಕಡತದ ಮೊತ್ತವನ್ನು ಆಗಲೇ ಗೊತ್ತುಮಾಡಿರುತ್ತದೆ ಎಂಬುದು ಆ ಹೊತ್ತಿಗೆ ಯಾರ ಗಮನದಲ್ಲೂ ಇರುವುದಿಲ್ಲ. ಈ ನಂಟು ಹೇಗೆ ಹುಟ್ಟಿತೆಂದು ತಿಳಿಯಲು ಸುಮಾರು ಕಾಲು ಶತಮಾನ ಹಿಂದೆ ಹೋಗಬೇಕು.

1990ರ ದಶಕದ ಕೊನೆಯಲ್ಲಿ ಒರಾಕಲ್ ಸಂಸ್ಥೆ ತನ್ನ ಡೇಟಾಬೇಸಿನ ಬೆಲೆಯನ್ನು ಪ್ರೊಸೆಸರಿನ ಮೆಗಾಹರ್ಟ್ಸ್ ವೇಗಕ್ಕೆ ಕಟ್ಟಿತ್ತು. ವೇಗದ ಯಂತ್ರ ಕೊಂಡ ತಪ್ಪಿಗೆ ತಂತ್ರಾಂಶಕ್ಕೂ ಹೆಚ್ಚು ತೆರಬೇಕಾದ ಈ ಪದ್ಧತಿಯ ವಿರುದ್ಧ ಗ್ರಾಹಕರು ದೂರಿದ ಮೇಲೆ, 2001ರಲ್ಲಿ ಅದನ್ನು ಕೈಬಿಟ್ಟು ‘ಒಂದು ಪ್ರೊಸೆಸರಿಗೆ ಇಷ್ಟು’ ಎಂಬ ದರ ಬಂತು. ಎಂಟರ್‌ಪ್ರೈಸ್ ಆವೃತ್ತಿಗೆ ಪ್ರೊಸೆಸರೊಂದಕ್ಕೆ 40,000 ಡಾಲರ್. ಲೆಕ್ಕ ಸರಳವಾಯಿತೆಂದು ಎಲ್ಲರೂ ಭಾವಿಸಿದ ಅದೇ ವರ್ಷ ಐಬಿಎಂನ ಪವರ್4 ಚಿಪ್ ಮಾರುಕಟ್ಟೆಗೆ ಬಂತು, ಮತ್ತು ಅದರ ಒಂದೇ ಬಿಲ್ಲೆಯ ಮೇಲೆ ಎರಡು ಕೋರ್‌ಗಳಿದ್ದವು.

ಪವರ್4 ದೊಡ್ಡ ಯುನಿಕ್ಸ್ ಯಂತ್ರಗಳಿಗಷ್ಟೇ ಸೀಮಿತವಾಗಿದ್ದುದರಿಂದ, ಇದನ್ನು ಒಂದು ಪ್ರೊಸೆಸರೆನ್ನಬೇಕೋ ಎರಡೆನ್ನಬೇಕೋ ಎಂಬ ತಕರಾರು ಕೆಲಕಾಲ ತಣ್ಣಗಿತ್ತು. ಅದನ್ನು ಎಲ್ಲರ ಮನೆಬಾಗಿಲಿಗೆ ತಂದದ್ದು ಶಾಖ. ಪ್ರೊಸೆಸರಿನ ವೇಗ ಏರಿಸುತ್ತ ಹೋದಂತೆ ವಿದ್ಯುತ್ತಿನ ಬಳಕೆಯೂ ಬಿಸಿಯೂ ತಡೆಯಲಾಗದಷ್ಟು ಹೆಚ್ಚಿದವು. 2004ರಲ್ಲಿ ಇಂಟೆಲ್ ತನ್ನ ಟೆಹಾಸ್ ಎಂಬ ಚಿಪ್ಪಿನ ಯೋಜನೆಯನ್ನೇ ರದ್ದು ಮಾಡಿತು. ವೇಗ ಏರಿಸುವ ಬದಲು ಕೋರ್ ಹೆಚ್ಚಿಸುವ ದಾರಿ ಹಿಡಿದು 2005ರಲ್ಲಿ ಎಎಂಡಿ ಮತ್ತು ಇಂಟೆಲ್ ಎರಡೂ ಜೋಡಿ ಕೋರ್‌ಗಳ ಸರ್ವರ್ ಚಿಪ್ ತಂದವು. ಹಾಗಾದರೆ ಕರಾರುಪತ್ರದಲ್ಲಿರುವ ‘ಪ್ರೊಸೆಸರ್’ ಎಂದರೆ ಯಾವುದು: ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ ಕೂರುವ ಚಿಪ್ಪೋ, ಅದರೊಳಗಿನ ಪ್ರತಿ ಕೋರೋ?

ಮೈಕ್ರೋಸಾಫ್ಟ್ 2004ರ ಅಕ್ಟೋಬರಿನಲ್ಲೇ ಸಾಕೆಟ್ ಎಂದು ಘೋಷಿಸಿತು. ಒರಾಕಲ್ ಮೊದಲು ಪ್ರತಿ ಕೋರನ್ನೂ ಪೂರ್ಣ ಪ್ರೊಸೆಸರೆಂದೇ ಎಣಿಸಿ, 2005ರ ಜುಲೈನಲ್ಲಿ ಕೋರ್ ಒಂದಕ್ಕೆ 0.75 ಲೈಸೆನ್ಸು ಎಂದು ಇಳಿಸಿತು. ಅದೇ ಡಿಸೆಂಬರಿನಲ್ಲಿ ಇಂಟೆಲ್ ಮತ್ತು ಎಎಂಡಿ ಕೋರ್‌ಗಳಿಗೆ 0.5, ಸನ್ ಸಂಸ್ಥೆಯ ಎಂಟು ಕೋರ್‌ಗಳ ಅಲ್ಟ್ರಾಸ್ಪಾರ್ಕ್ ಟಿ1 ಚಿಪ್ಪಿಗೆ 0.25 ಎಂಬ ಗುಣಕಗಳನ್ನು ಗೊತ್ತುಪಡಿಸಿತು. ಒಂದೇ ಎಕರೆಯಾದರೂ ಜಿರಾಯತಕ್ಕೊಂದು, ಬಾಗಾಯತಕ್ಕೊಂದು ಆಕಾರ ಕಟ್ಟುವ ಕಂದಾಯದ ಕ್ರಮವನ್ನು ಇದು ಹೋಲುತ್ತದೆ. ಆದರೆ ಇಲ್ಲಿ ಆಕಾರ ನಿಗದಿಪಡಿಸುವವನೂ ಮಾರುವವನೂ ಒಬ್ಬನೇ.

ಈ 0.5ರ ಒಳಗುಟ್ಟನ್ನು ಗಮನಿಸಬೇಕು. ಎರಡು ಕೋರ್‌ಗಳ ಚಿಪ್ಪಿಗೆ ಇದು ಸರಿಯಾಗಿ ಒಂದು ಲೈಸೆನ್ಸಾಗುತ್ತದೆ. ಅಂದರೆ 2005ರ ಕೊನೆಗೆ ಅಂಥ ಚಿಪ್ಪಿನ ಮಟ್ಟಿಗೆ ಮೈಕ್ರೋಸಾಫ್ಟಿನ ಸಾಕೆಟ್ ಲೆಕ್ಕಕ್ಕೂ ಒರಾಕಲ್ಲಿನ ಕೋರ್ ಲೆಕ್ಕಕ್ಕೂ ವ್ಯತ್ಯಾಸವೇ ಇರಲಿಲ್ಲ. 2006ರ ನವೆಂಬರಿನಲ್ಲಿ ಇಂಟೆಲ್ ನಾಲ್ಕು ಕೋರ್‌ಗಳ ಜಿಯಾನ್ ಚಿಪ್ ತಂದಾಗ ಅದೇ ಸೂತ್ರ ಎರಡು ಲೈಸೆನ್ಸು ಕೇಳಿತು. ಹಾಗಾಗಿ ರಿಯಾಯಿತಿಯಂತೆ ಕಂಡ ಗುಣಕ ನಿಜದಲ್ಲಿ ಮುಂದಿನ ಏರಿಕೆಗೆ ಹಾಕಿಟ್ಟ ತಳಪಾಯವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಐಬಿಎಂ ಕೂಡ 2006ರಲ್ಲಿ ಪ್ರತಿ ಬಗೆಯ ಕೋರಿಗೆ ಇಂತಿಷ್ಟು ಅಂಕಗಳೆಂಬ ಪಟ್ಟಿಯನ್ನು ತಂದು ಇದೇ ಹಾದಿ ಹಿಡಿಯಿತು.

ಮೈಕ್ರೋಸಾಫ್ಟಿನ ಔದಾರ್ಯವೂ ಹೆಚ್ಚು ಬಾಳಲಿಲ್ಲ. ತನ್ನ ಡೇಟಾಬೇಸಾದ ಎಸ್‌ಕ್ಯೂಎಲ್ ಸರ್ವರಿನ 2012ರ ಆವೃತ್ತಿಯಿಂದ ಅದು ಕೋರ್ ಲೆಕ್ಕಕ್ಕೆ ಬಂತು, ಪ್ರತಿ ಪ್ರೊಸೆಸರಿಗೆ ಕನಿಷ್ಠ ನಾಲ್ಕು ಕೋರ್‌ಗಳ ಲೈಸೆನ್ಸು ಕಡ್ಡಾಯವಾಯಿತು. ವಿಂಡೋಸ್ ಸರ್ವರ್ 2016ರಲ್ಲಿ ಈ ಕನಿಷ್ಠ ಮಿತಿ ಪ್ರೊಸೆಸರಿಗೆ ಎಂಟು, ಸರ್ವರಿಗೆ ಹದಿನಾರು ಎಂದಾಯಿತು. ಎಎಂಡಿ 2017ರಲ್ಲಿ 32, 2019ರಲ್ಲಿ 64 ಕೋರ್‌ಗಳ ಚಿಪ್ ಮಾರತೊಡಗಿದ ಮೇಲೆ, ಒಂದೇ ಸರ್ವರನ್ನು ಹಲವು ಸರ್ವರುಗಳಂತೆ ಬಳಸುವ ತಂತ್ರಾಂಶ ಮಾರುವ ವಿಎಂವೇರ್ ಸಂಸ್ಥೆ 2020ರಲ್ಲಿ ತನ್ನ ಒಂದು ಲೈಸೆನ್ಸು 32 ಕೋರ್‌ಗಳವರೆಗೆ ಮಾತ್ರ ಎಂದಿತು. 2023ರಲ್ಲಿ ಬ್ರಾಡ್‌ಕಾಮ್ ಆ ಸಂಸ್ಥೆಯನ್ನು ಕೊಂಡ ಬಳಿಕ ಅಲ್ಲಿಯೂ ದರ ಪೂರ್ತಿಯಾಗಿ ಕೋರ್‌ಗೆ ಅಂಟಿಕೊಂಡಿತು.

ಈ ಲೆಕ್ಕ ಎಷ್ಟು ಭಾರವೆಂಬುದಕ್ಕೆ ಒಂದು ಉದಾಹರಣೆ ಸಾಕು. 16 ಕೋರ್‌ಗಳ ಎರಡು ಚಿಪ್ಪುಳ್ಳ ಸರ್ವರಿನಲ್ಲಿ ಒಟ್ಟು 32 ಕೋರ್, 0.5ರಿಂದ ಗುಣಿಸಿದರೆ 16 ಲೈಸೆನ್ಸು. ಒರಾಕಲ್ ಎಂಟರ್‌ಪ್ರೈಸ್ ಆವೃತ್ತಿಯ ಪಟ್ಟಿದರ 47,500 ಡಾಲರಿನಂತೆ ಇದು 7,60,000 ಡಾಲರಾಗುತ್ತದೆ, ಮೇಲೆ ಪ್ರತಿವರ್ಷ ಶೇ. 22ರ ಬೆಂಬಲ ಶುಲ್ಕ. ಎಂಟು ಕೋರ್‌ಗಳ ಎರಡು ಚಿಪ್ಪಿದ್ದರೆ ಇದರ ಅರ್ಧ. ಚೌಕಾಸಿಯಲ್ಲಿ ದರ ಇಳಿಯುವುದುಂಟು, ಆದರೆ ಅನುಪಾತ ಬದಲಾಗದು. ಇನ್ನು, ಲೆಕ್ಕ ತಪ್ಪಿದ್ದರೆ ಪತ್ತೆಯಾಗುವುದಿಲ್ಲ ಎನ್ನುವಂತಿಲ್ಲ. ಮುನ್ಸೂಚನೆ ಕೊಟ್ಟು ಗ್ರಾಹಕರ ಬಳಕೆಯನ್ನು ತಪಾಸಣೆ ಮಾಡುವ ಹಕ್ಕನ್ನು ಮಾರಾಟಗಾರರು ಕರಾರಿನಲ್ಲೇ ಇಟ್ಟುಕೊಂಡಿರುತ್ತಾರೆ.

ನಮ್ಮ ಭಾಗದ ಸಂಸ್ಥೆಗಳಿಗೆ ಇಷ್ಟೊಂದು ಕೋರ್‌ಗಳ ಅಗತ್ಯ ಬೀಳುವುದು ಅಪರೂಪ. ಕಬ್ಬಿನ ಹಂಗಾಮಿನಲ್ಲಿ ಕಾಟಾದ ತೂಕ ದಾಖಲಿಸಿ ರೈತರ ಬಿಲ್ಲು ಮಾಡುವ ಸರ್ವರಿಗೆ ಬೇಕಾದದ್ದು ವೇಗವಾಗಿ ಓಡುವ ಕೆಲವೇ ಕೋರ್‌ಗಳು, ಮತ್ತು ಚಿಪ್ ತಯಾರಕರು ಲೈಸೆನ್ಸಿನ ಹೊರೆಯನ್ನು ಅರಿತೇ ಅಂಥ ಚಿಪ್‌ಗಳನ್ನು ಮಾರುತ್ತಾರೆ. ಬಳಸುವವರು ಎಣಿಕೆಗೆ ಸಿಗುವಷ್ಟಿದ್ದರೆ ಎಸ್‌ಕ್ಯೂಎಲ್ ಸರ್ವರಿನ ಸ್ಟ್ಯಾಂಡರ್ಡ್ ಆವೃತ್ತಿಯನ್ನು ಸರ್ವರಿಗೊಂದು, ಬಳಕೆದಾರರಿಗೊಂದು ಎಂಬ ಲೆಕ್ಕದಲ್ಲಿ ಕೊಳ್ಳಬಹುದು. ಆಗ ಕೋರ್‌ಗಳ ಪ್ರಶ್ನೆಯೇ ಏಳುವುದಿಲ್ಲ. ಒರಾಕಲ್ಲಿನ ಸ್ಟ್ಯಾಂಡರ್ಡ್ ಆವೃತ್ತಿ 2 ಇಂದಿಗೂ ಸಾಕೆಟ್ ಲೆಕ್ಕದಲ್ಲೇ ಇದೆ, ಆದರೆ ಎರಡು ಸಾಕೆಟ್ ಮೀರಿದ ಯಂತ್ರದಲ್ಲಿ ಅದನ್ನು ಹಾಕುವಂತಿಲ್ಲ. ಲೈಸೆನ್ಸು ಶುಲ್ಕವೇ ಇಲ್ಲದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ಕೂಡ ಇದೆ. ಅಲ್ಲಿಗೆ ಹೋಗಬಯಸುವವರು ಡೇಟಾಬೇಸಿನೊಳಗೆ ಬರೆದಿಟ್ಟ ಬಡ್ಡಿ ಮತ್ತು ಬಿಲ್ಲಿನ ಲೆಕ್ಕದ ಸೂತ್ರಗಳನ್ನು ಮತ್ತೆ ಬರೆಯಿಸಬೇಕಾಗುತ್ತದೆ. ಅದಕ್ಕೆ ಅನ್ವಯ ತಂತ್ರಾಂಶ ಬರೆದುಕೊಟ್ಟ ಸಂಸ್ಥೆಯ ಒಪ್ಪಿಗೆಯೂ ಬೇಕಾದ್ದರಿಂದ, ಈ ಮಾತನ್ನು ಸರ್ವರ್ ಟೆಂಡರ್ ಹೊರಡಿಸುವ ಮುನ್ನವೇ ಎತ್ತಬೇಕಾಗುತ್ತದೆ.